ಹಳೆ ಕ್ಯಾಲೆಂಡರ್, ತೆಂಗಿನ ಕಡ್ಡಿ, ಒಂದು ಸೈಕಲ್ ಟ್ಯೂಬು

ಶಾಲೆ ಶುರುವಾಗಿ ಎರಡು ತಿಂಗಳಾಯಿತು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಹೊಸ ಮೇಡಂ, ಮೇಷ್ಟ್ರುಗಳದ್ದೇ. ಎಲ್ಲರದ್ದೂ ಒಂದೇ ಗೋಳು: ಕಲಿಸುವ ಸಾಮಾನು ಸಾಲದು, ಇರುವುದು ಕೈಗೆ ಸಿಗದು. ತಿಪಟೂರು ಸೀಮೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಕಳೆದವಳು ನಾನು. ಮಾಡಿ ನೋಡಿದ್ದನ್ನು ಮಾತ್ರ ಹೇಳುತ್ತೇನೆ.

ಪ್ರಶ್ನೆ: ಟೀಚರ್, ನನಗೆ ನಲಿ-ಕಲಿ (ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ತರಗತಿ) ಕೊಟ್ಟಿದ್ದಾರೆ. ಒಂದರಿಂದ ಮೂರನೇ ತರಗತಿವರೆಗೆ 24 ಮಕ್ಕಳು, ಒಂದೇ ಕೋಣೆ. ಸಂಜೆಗೆ ಕಾರ್ಡುಗಳೆಲ್ಲ ಚೆಲ್ಲಾಪಿಲ್ಲಿ. ಬೀರು ಒಂದಿದೆ, ಅದರಲ್ಲಿ ದಾಖಲೆ ತುಂಬಿದೆ. ಕೈಯಿಂದ ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ. ಏನು ಮಾಡಲಿ?
(ಹೊಸ ಮೇಡಂ, ಪಾವಗಡ ತಾಲ್ಲೂಕು)

ಬೀರುವಿನಲ್ಲಿ ಜಾಗ ಇಲ್ಲದ್ದು ಒಳ್ಳೆಯದೇ ಆಯಿತು ತಂಗಿ. ಬೀರುವಿನಲ್ಲಿಟ್ಟ ಕಾರ್ಡು ಮಕ್ಕಳ ಪಾಲಿಗೆ ಇಲ್ಲದ ಕಾರ್ಡು.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿಯ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿಯ ಪದ್ಧತಿ ನೋಡಿ ಬಂದು ಶುರು ಮಾಡಿದರು. ಮಗು ಏಣಿ (ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟು) ನೋಡಬೇಕು, ತನ್ನ ಮೆಟ್ಟಿಲಿನ ಲೋಗೋ, ಅಂದರೆ ಗುರುತಿನ ಚಿತ್ರ, ಗುರುತಿಸಬೇಕು, ಕಾರ್ಡು ತಾನೇ ತಗೊಂಡು ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿನ ಜಾಗಕ್ಕೆ, ಹೋಗಿ ಕೂರಬೇಕು. ನೀವು ಎದ್ದು ಕೊಡುವ ಹಾಗಾದರೆ 24 ಮಕ್ಕಳಿಗೆ ಏಳೋದೇ ನಿಮ್ಮ ಕೆಲಸ ಆಗುತ್ತೆ.

ಚಪ್ಪಲಿ ಅಂಗಡಿಗೆ ಹೋಗಿ ಖಾಲಿ ರಟ್ಟಿನ ಡಬ್ಬ ಕೇಳಿ. ಸುಮ್ನೆ ಕೊಡುತ್ತಾರೆ. ಎಲ್ಲಾ ಒಂದೇ ಅಳತೆಯವು ಆರಿಸಿ. ಇಲ್ಲದಿದ್ದರೆ ಒಂದರ ಮೇಲೊಂದು ನಿಲ್ಲುವುದಿಲ್ಲ. ಮುಚ್ಚಳ ತೆಗೆದು ಡಬ್ಬದ ಕೆಳಗೆ ಸೇರಿಸಿ, ತಳ ಗಟ್ಟಿಯಾಗುತ್ತೆ. ಕಾರ್ಡಿನ ಮೇಲಿರುವ ಲೋಗೋವನ್ನೇ ಡಬ್ಬದ ಮುಂದೆಯೂ ಬರೆಯಿರಿ. ಹೆಸರು ಬರೆಯಬೇಡಿ, ಒಂದನೇ ಕ್ಲಾಸಿನವರಿಗೆ ಓದಲು ಬರಲ್ಲ ಅಲ್ವಾ? ಮಕ್ಕಳ ಸೊಂಟಕ್ಕಿಂತ ಎತ್ತರದಲ್ಲಿ ಏನನ್ನೂ ಇಡಬೇಡಿ. ಶನಿವಾರ ಬೆಳಗಿನ ಶಾಲೆಯ ಕೊನೇ ಕಾಲು ಗಂಟೆ ಎಣಿಕೆಗೆ ಅಂತಲೇ ಇಡಿ. ವಾರಕ್ಕೆ ಇಬ್ಬರು ಮಕ್ಕಳು ಉಸ್ತುವಾರಿ. ಕಾರ್ಡು ಕಮ್ಮಿ ಬಂದರೆ ಅವರೇ ಬೆಂಚಿನಡಿ ತೂರಿ ಹುಡುಕುತ್ತಾರೆ.

ಇನ್ನು ಮಕ್ಕಳ ಸ್ವಂತ ಸಾಮಾನು. ನಾನು ಒಂದು ಜೇಬಿನ ಪರದೆ ಮಾಡಿದ್ದೆ. ಬಿಸಿಯೂಟದ ಅಕ್ಕಿಯ ಖಾಲಿ ಗೋಣಿಚೀಲ ಎರಡು. (ಮುಖ್ಯ ಶಿಕ್ಷಕರನ್ನು ಕೇಳದೆ ಮುಟ್ಟಬೇಡಿ, ಖಾಲಿ ಚೀಲಕ್ಕೂ ಲೆಕ್ಕ ಇರುತ್ತೆ.) ಬಿಚ್ಚಿ, ಒಗೆದು, ಅಗಲಕ್ಕೆ ಹೊಲಿದೆ. ಅದರ ಮೇಲೆ ಹಳೇ ಯೂನಿಫಾರ್ಮ್ ಪ್ಯಾಂಟು, ಚಡ್ಡಿಗಳಿಂದ ಕತ್ತರಿಸಿದ ಜೇಬುಗಳು. ಮಗುವಿಗೊಂದು ಜೇಬು. ಮೇಲ್ಗಡೆ ಬಿದಿರಿನ ಗಳ ತೂರಿಸಿ ಕಿಟಕಿ ಸರಳಿಗೆ ಕಟ್ಟಿದೆ. ಖರ್ಚು ದಾರದ್ದು ಮಾತ್ರ.

ಮೂರನೇ ದಿನಕ್ಕೇ ಪರದೆ ತುಂಬಾ ಇರುವೆ. ಒಂದು ಹುಡುಗಿ ಅರ್ಧ ತಿಂದ ಸೀಬೆಹಣ್ಣನ್ನು ತನ್ನ ಜೇಬಿನಲ್ಲಿ ಭದ್ರವಾಗಿ ಇಟ್ಟಿದ್ದಳು. "ನನ್ನ ಜೇಬು ಅಂದ್ರಲ್ಲಾ ಮಿಸ್" ಅಂದಳು. ಏನು ಹೇಳೋದು? ತಿನ್ನುವ ಪದಾರ್ಥಕ್ಕೆ ಬೇರೆ ಒಂದು ಮುಚ್ಚಳದ ಡಬ್ಬ ಇಟ್ಟೆ. ನೀವು ಮೊದಲ ದಿನವೇ ಇಡಿ.

ಪ್ರಶ್ನೆ: ಮೈದಾ ಅಂಟು ಮಾಡಿ ಚಾರ್ಟು ಅಂಟಿಸಿದೆ. ಜಿರಲೆ, ಇಲಿ ಸೇರಿ ತಿಂದು ಹಾಕಿದವು. ಅಂಟಿಗೆ ಮೈಲುತುತ್ತ ಹಾಕಿ ಅಂತ ಒಬ್ಬರು ಹೇಳಿದರು. ಹಾಕಬಹುದಾ?
(ಮೇಷ್ಟ್ರು, ಹೊಸದುರ್ಗ ಕಡೆಯವರು)

ಹಾಕಬೇಡಿ ಮೇಷ್ಟ್ರೇ. ಪುಸ್ತಕದ ರಟ್ಟು ಕಟ್ಟುವವರು ಹಾಕುತ್ತಿದ್ದರು, ನಿಜ. ಆದರೆ ಅದು ವಿಷ, ಮಕ್ಕಳ ಬೆರಳು ಬಾಯಿಗೆ ಹೋಗುತ್ತಲೇ ಇರುತ್ತೆ. ಹಾಗೇ ಹಳೇ ಟಾರ್ಚಿನ ಶೆಲ್ಲು ಒಡೆದು ಅದರ ಮಸಿಯನ್ನು ಬೋರ್ಡಿಗೆ ಬಳಿಯುವುದು. ನಮ್ಮ ಕಾಲದಲ್ಲಿ ಎಲ್ಲರೂ ಮಾಡಿದ್ದೇವೆ, ನಾನೂ ಮಾಡಿದ್ದೇನೆ. ಈಗ ಬೇಡ.

ಮೈದಾ ಅಂಟನ್ನು ಆ ದಿನಕ್ಕೆ ಬೇಕಾದಷ್ಟೇ ಮಾಡಿ. ಒಂದು ಲೋಟ ಮೈದಾ, ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ. ಕುದಿಯುವ ಮೂರು ಲೋಟ ನೀರಿಗೆ ಸುರಿದು, ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಆಗುವವರೆಗೆ ತಿರುವಿ. ತೆಳ್ಳಗೆ ಹಚ್ಚಿ, ಬಿಸಿಲಿಗೆ ಒಣಗಿಸಿ. ದಪ್ಪ ಹಚ್ಚಿದರೆ ಇಲಿಗೆ ಊಟ ಬಡಿಸಿದ ಹಾಗೆ.

ಅಷ್ಟಕ್ಕೂ ಚಾರ್ಟನ್ನು ಗೋಡೆಗೆ ಯಾಕೆ ಅಂಟಿಸಬೇಕು? ಜನವರಿಯಲ್ಲಿ ಕಿರಾಣಿ ಅಂಗಡಿ, ಕೊಬ್ಬರಿ ಮಂಡಿ, ಸೊಸೈಟಿ ಸುತ್ತಿ ಹೋದ ವರ್ಷದ ಕ್ಯಾಲೆಂಡರ್ ತನ್ನಿ. ಬೆನ್ನು ಖಾಲಿ ಇರುವುದನ್ನು ಆರಿಸಿ. ಮೇಲೆ ತಗಡಿನ ಪಟ್ಟಿ ಇರುತ್ತೆ, ನೇತು ಹಾಕಲು ಕೊಂಡಿಯೂ ಇರುತ್ತೆ. ಒಂದು ಕ್ಯಾಲೆಂಡರಿಗೆ ಹಾಳೆ ಎಷ್ಟೋ ಅಷ್ಟು ಚಾರ್ಟು, ಮಗುಚಿದರೆ ಮುಂದಿನ ಪಾಠ. ಸಂಜೆ ಸುತ್ತಿ ತೊಲೆಗೆ ಕಟ್ಟಿದ ಹಗ್ಗಕ್ಕೆ ಸಿಕ್ಕಿಸಿದರೆ ಇಲಿಗೆ ಎಟುಕಲ್ಲ.

ದಪ್ಪ ಅಂಕಿಯ ಕ್ಯಾಲೆಂಡರನ್ನು ಕತ್ತರಿಸಿ ಲಗ್ನಪತ್ರಿಕೆಯ ಹಿಂಬದಿಗೆ ಅಂಟಿಸಿದರೆ 1ರಿಂದ 31ರವರೆಗೆ ಸಂಖ್ಯಾಕಾರ್ಡು ತಯಾರು. ಆದರೆ ಕೆಂಪು ಅಂಕಿ ಬಿಟ್ಟು ಕಪ್ಪನ್ನೇ ಆರಿಸಿ. ನಾನು ಆಗಸ್ಟ್ ತಿಂಗಳ ಹಾಳೆ ಕತ್ತರಿಸಿದ್ದೆ. ಒಬ್ಬ ಹುಡುಗ ಕೆಂಪು ಕಾರ್ಡುಗಳನ್ನೆಲ್ಲ ಬೇರೆ ತೆಗೆದಿಟ್ಟು, 14 ಆದಮೇಲೆ 16 ಓದಿದ. ಯಾಕೋ ಅಂದರೆ, "15 ರಜಾ ಮಿಸ್".

ಪ್ರಶ್ನೆ: ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಕಲಿಕೋಪಕರಣ ಪ್ರದರ್ಶನಕ್ಕೆ ಕಮ್ಮಿ ಖರ್ಚಿನಲ್ಲಿ, ನೋಡಿದವರು ಬೆರಗಾಗುವಂಥ ಮಾದರಿ ಹೇಳಿ.
(ಶಿಕ್ಷಕಿ, ಕಡೂರು)

ನನ್ನನ್ನು ಕೇಳಬೇಡಿ. ಒಂದು ಸಲ ಥರ್ಮಾಕೋಲಿನಲ್ಲಿ ಇಡೀ ಹಳ್ಳಿ ಮಾಡಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿದ್ದೆ. ಇಳಿಯುವ ಹೊತ್ತಿಗೆ ಅದು ಬಿರುಗಾಳಿ ಬೀಸಿದ ಹಳ್ಳಿ. ತಯಾರಾಗುವಾಗ ನಮ್ಮ ಮಕ್ಕಳಿಗೆ ಮುಟ್ಟೋದಕ್ಕೂ ಬಿಟ್ಟಿರಲಿಲ್ಲ, ಅದೇ ಹೊಟ್ಟೆಗೆ ಉರಿ.

ಪ್ರಶ್ನೆ: ಎರಡನೇ ತರಗತಿ ಮಕ್ಕಳು ನೂರ ನಾಲ್ಕು ಬರೆಯಿರಿ ಅಂದರೆ 1004 ಅಂತ ಬರೆಯುತ್ತಾರೆ. ದಶಕ ತೆಗೆದುಕೊಂಡು ಕಳೆಯುವುದಂತೂ ತಲೆಗೇ ಹತ್ತುತ್ತಿಲ್ಲ. ಮಣಿಚೌಕಟ್ಟು ಮುರಿದಿದೆ.
(ಹೆಸರು ಬೇಡ ಎಂದಿದ್ದಾರೆ, ಚನ್ನರಾಯಪಟ್ಟಣ)

ಮುರಿದಿದ್ದರೆ ಬಿಡಿ. ಮಣಿಚೌಕಟ್ಟಿನಲ್ಲಿ ಹತ್ತು ಮಣಿ ಹೋಗಿ ಒಂದು ಮಣಿ ಬರುತ್ತೆ. ಆ ಒಂದರೊಳಗೆ ಹತ್ತು ಇದೆ ಅಂತ ಮಗು ಹೇಗೆ ನಂಬಬೇಕು? ಹತ್ತು ಕಡ್ಡಿಯ ಕಟ್ಟಿನಲ್ಲಾದರೆ ಹತ್ತೂ ಕಣ್ಣಿಗೆ ಕಾಣುತ್ತೆ.

ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯಿರಿ. ಗೇಣಿನ ಅರ್ಧಕ್ಕೆ ಕತ್ತರಿಸಿ, ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ. ಹಳೇ ಪೊರಕೆ ಬಿಚ್ಚಬೇಡಿ. ನಾನು ಹಾಗೇ ಮಾಡಿ ಒಬ್ಬ ಅಜ್ಜಿ ಕೈಲಿ ಬೈಸಿಕೊಂಡೆ. "ಪೊರಕೆ ಕಡ್ಡೀಲಿ ವಿದ್ಯೆ ಕಲಿಸ್ತೀಯೇನವ್ವಾ?" ಅಂದಿತು. ಮಾರನೇ ದಿನ ಆ ಅಜ್ಜಿಯೇ ಒಂದು ಹೊರೆ ಹಸಿ ಗರಿ ಕಳಿಸಿತು.

ಕಟ್ಟಲು ರಬ್ಬರ್ ಬ್ಯಾಂಡ್ ಕೊಳ್ಳಬೇಡಿ. ಸೈಕಲ್ ಶಾಪಿನಲ್ಲಿ ಪಂಚರ್ ಹಾಕಿ ಹಾಕಿ ಬಿಸಾಡಿದ ಟ್ಯೂಬು ಕೇಳಿ. ಕತ್ತರಿಯಲ್ಲಿ ಅಡ್ಡಡ್ಡ ಬಳೆ ಬಳೆಯಾಗಿ ಕತ್ತರಿಸಿದರೆ ನೂರಾರು ಸಿಗುತ್ತವೆ. ಹತ್ತು ಕಡ್ಡಿಗೆ ಎರಡು ಸುತ್ತು. ಅಂಥ ಹತ್ತು ಕಟ್ಟು ಸೇರಿಸಿದ ನೂರಕ್ಕೆ ಅದೇ ಬಳೆ ಒಂದೇ ಸುತ್ತು. ಗಂಡುಮಕ್ಕಳು ಬಳೆ ಎಳೆದು ಹೊಡೆದಾಡುತ್ತಾರೆ. ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ.

ಈಗ 32ರಲ್ಲಿ 15 ಕಳೆಯಲಿ. ಮೂರು ಕಟ್ಟು, ಎರಡು ಬಿಡಿ ಕಡ್ಡಿ ಕೊಡಿ. ನೀವು ಕೈ ಚಾಚಿ, "ನಂಗೆ ಐದು ಬಿಡಿ ಕಡ್ಡಿ ಕೊಡು" ಅನ್ನಿ. ಮಗು ಎರಡನ್ನು ನೋಡುತ್ತೆ, ನಿಮ್ಮ ಮುಖ ನೋಡುತ್ತೆ. ನೀವು ಬಾಯಿ ಬಿಡಬೇಡಿ. ಸ್ವಲ್ಪ ಹೊತ್ತಿಗೆ ಬೆರಳು ಬಳೆಯ ಕಡೆ ಹೋಗುತ್ತೆ. ಬಿಚ್ಚಿದರೆ ಹನ್ನೆರಡು ಬಿಡಿ. ಐದು ಕೊಟ್ಟರೆ ಏಳು ಉಳಿಯಿತು. ಉಳಿದ ಎರಡು ಕಟ್ಟಿನಲ್ಲಿ ಒಂದನ್ನು ಕೊಟ್ಟರೆ ಒಂದು. ಹದಿನೇಳು. ಬಳೆಯನ್ನು ನೀವು ಬಿಚ್ಚಿಕೊಟ್ಟಿರೋ, ಇಡೀ ಪಾಠ ಹೋಯಿತು.

104ಕ್ಕೂ ಇದೇ ಕಡ್ಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನೂರು, ಹತ್ತು, ಬಿಡಿ ಅಂತ ಮೂರು ಮನೆ ಬರೆಯಿರಿ. ನೂರರ ಕಟ್ಟು ಒಂದು, ಬಿಡಿ ನಾಲ್ಕು. ನಡುವಿನ ಮನೆ ಖಾಲಿ. ಅಲ್ಲಿ ಸೊನ್ನೆ ಕೂರುತ್ತೆ ಅಂತ ಮಕ್ಕಳೇ ಹೇಳಲಿ.

ಪ್ರಶ್ನೆ: ದಿನಾ ಪೆನ್ಸಿಲ್ ಕಳೆಯುತ್ತವೆ. ಕೊಟ್ಟು ಕೊಟ್ಟು ಸಾಕಾಯಿತು.
(ಮೇಷ್ಟ್ರು, ಅರಸೀಕೆರೆ)

ಟಿವಿ ಪೆಟ್ಟಿಗೆಯೊಳಗೆ ಬರುವ ದಪ್ಪ ಥರ್ಮಾಕೋಲ್ ತುಂಡು ಸಿಕ್ಕರೆ, ಎಷ್ಟು ಮಕ್ಕಳೋ ಅಷ್ಟು ತೂತು ಮಾಡಿ. ಪಕ್ಕದಲ್ಲಿ ಮಕ್ಕಳ ಹಾಜರಿ ನಂಬರ್ ಬರೆಯಿರಿ. ಮನೆ ಗಂಟೆ ಹೊಡೆಯುವ ಮುಂಚೆ ಪೆನ್ಸಿಲೆಲ್ಲ ತೂತಿಗೆ. ಯಾವುದು ಖಾಲಿ ಅಂತ ಮಕ್ಕಳೇ ಕೂಗುತ್ತಾರೆ. ಥರ್ಮಾಕೋಲಿನಿಂದ ನನಗಾದ ಒಂದೇ ಉಪಕಾರ ಇದು. ನಮ್ಮಲ್ಲಿ ಕಾಣೆಯಾದ ಪೆನ್ಸಿಲ್ ಹೆಚ್ಚಾಗಿ ನನ್ನ ಹಾಜರಿ ಪುಸ್ತಕದೊಳಗೇ ಸಿಗುತ್ತಿತ್ತು.