ಎಚ್-ಆಲ್ಫಾ ಬಂತು, ನೀಲಿ ಎಲ್ಲಿ ಹೋಯಿತು?

ಪ್ರಶ್ನೆ: ಟ್ರೈಫಿಡ್ ನೀಹಾರಿಕೆಯನ್ನು (ಎಂ 20) ಮಾಮೂಲಿ ಬಣ್ಣದಲ್ಲೂ ತೆಗೆದೆ, ಎಚ್-ಆಲ್ಫಾ ಫಿಲ್ಟರ್ ಹಾಕಿಯೂ ತೆಗೆದೆ. ಆಲ್ಫಾದಲ್ಲಿ ವಿವರ ಜಾಸ್ತಿ ಇತ್ತು ಅಂತ ಅದನ್ನೇ ಲ್ಯೂಮಿನೆನ್ಸ್ (ಚಿತ್ರದ ಹೊಳಪಿನ ಪದರ) ಮಾಡಿ ಬಣ್ಣದ ಮೇಲೆ ಕೂರಿಸಿದೆ. ಕೆಂಪು ಭಾಗ ಪೇಲವ ಗುಲಾಬಿಯಾಯಿತು, ಪಕ್ಕದ ನೀಲಿ ಮಾಯವೇ ಆಯಿತು. ತಪ್ಪಿದ್ದೆಲ್ಲಿ?

ಉತ್ತರ: ಕೂರಿಸಿದ ಜಾಗದಲ್ಲೇ. ಎಚ್-ಆಲ್ಫಾ ಅಂದರೆ ಹೈಡ್ರೋಜನ್ ಹೊಳೆಯುವ 656.3 ನ್ಯಾನೋಮೀಟರ್‌ನ ಒಂದೇ ಗೆರೆ, ಅಂದರೆ ಒಂದೇ ತರಂಗಾಂತರದ ಕೆಂಪು ಬೆಳಕು. ಟ್ರೈಫಿಡ್‌ನ ನೀಲಿ ಭಾಗ ಹಾಗೆ ತಾನಾಗಿ ಹೊಳೆಯುವುದಲ್ಲ, ಅಲ್ಲಿನ ಧೂಳು ನಕ್ಷತ್ರದ ಬೆಳಕನ್ನು ಚದುರಿಸುತ್ತದೆ, ಅದರಲ್ಲಿ ನಿಮ್ಮ ಫಿಲ್ಟರ್ ದಾಟುವುದು ಚೂರೇ ಚೂರು. ಲ್ಯೂಮಿನೆನ್ಸ್ ಕತ್ತಲಾದ ಕಡೆ ಬಣ್ಣ ಎಷ್ಟಿದ್ದರೇನು, ಕಾಣಿಸಲ್ಲ ಅಲ್ವಾ? ಇನ್ನು ಕೆಂಪಿನಲ್ಲಿ ಹೊಳಪು ಮಾತ್ರ ಏರಿತು, ಬಣ್ಣ ಅಷ್ಟೇ ಉಳಿಯಿತು. ಅದಕ್ಕೇ ಗುಲಾಬಿ.

ಆಲ್ಫಾವನ್ನು ಕೆಂಪು ಚಾನೆಲ್‌ಗೆ (ಬಣ್ಣದ ಚಿತ್ರದ ಕೆಂಪು ಪದರಕ್ಕೆ) ಸೇರಿಸಿ. ಸ್ಟ್ರೆಚ್ ಮಾಡುವ (ಮಂಕು ಭಾಗ ಕಾಣುವಂತೆ ಹೊಳಪು ಹಿಗ್ಗಿಸುವ) ಮೊದಲೇ ಸೇರಿಸಬೇಕು, ಎರಡೂ ಚಿತ್ರ ನಕ್ಷತ್ರಕ್ಕೆ ನಕ್ಷತ್ರ ಹೊಂದಿರಬೇಕು, ಗ್ರೇಡಿಯೆಂಟ್ (ಹಿನ್ನೆಲೆ ಆಕಾಶದ ಏರುಪೇರು ಬೆಳಕು) ತೆಗೆದಿರಬೇಕು. ಹಾಗಂತ ಸುಮ್ನೆ ಕೂಡಿಸಿಬಿಡಬೇಡಿ. ಆಲ್ಫಾ ಚಿತ್ರದೊಳಗೂ ನಕ್ಷತ್ರಗಳ ಮಾಮೂಲಿ ಕೆಂಪು ಬೆಳಕು ಸ್ವಲ್ಪ ನುಸುಳಿರುತ್ತದೆ. ಕೆಂಪು ಚಾನೆಲ್ಲನ್ನು ಒಂದು ಸಣ್ಣ ಸಂಖ್ಯೆಯಿಂದ ಗುಣಿಸಿ ಆಲ್ಫಾದಿಂದ ಕಳೆಯಿರಿ. ಯಾವ ಸಂಖ್ಯೆಗೆ ನಕ್ಷತ್ರಗಳು ಹೆಚ್ಚುಕಮ್ಮಿ ಅಳಿಸಿಹೋಗಿ ಮೋಡ ಮಾತ್ರ ಉಳಿಯುತ್ತದೋ ಅದೇ ನಿಮ್ಮ ಸಂಖ್ಯೆ. ಫಿಲ್ಟರ್ ಒಳಬಿಡುವ ಪಟ್ಟಿಯ ಅಗಲ 3 ನ್ಯಾನೋಮೀಟರೋ 7ಓ, ಎಕ್ಸ್‌ಪೋಷರ್ ಎಷ್ಟು ಅನ್ನುವುದರ ಮೇಲೆ ಅದು ಬದಲಾಗುತ್ತದೆ, ಆದ್ದರಿಂದ ಬೇರೆಯವರ ಲೆಕ್ಕ ನಕಲು ಮಾಡಿ ಪ್ರಯೋಜನವಿಲ್ಲ. ಹೀಗೆ ಉಳಿದದ್ದನ್ನು ಕೆಂಪಿಗೆ ಕೂಡಿಸಿದರೆ ನೀಲಿ ಧೂಳು ಇದ್ದಲ್ಲೇ ಇರುತ್ತದೆ, ನಕ್ಷತ್ರಗಳಿಗೂ ಕೆಂಪು ಮೆತ್ತಿಕೊಳ್ಳುವುದಿಲ್ಲ.

ನಾನು ಹೀಗೆ ಉಳಿದ ಆಲ್ಫಾದ ಹತ್ತನೇ ಒಂದು ಪಾಲನ್ನು ನೀಲಿ ಚಾನೆಲ್‌ಗೂ ಹಾಕುತ್ತೇನೆ. ಅದೇ ಹೈಡ್ರೋಜನ್ 486.1ರಲ್ಲೂ, ಅಂದರೆ ಎಚ್-ಬೀಟಾದಲ್ಲೂ, ಮಂಕಾಗಿ ಹೊಳೆಯುತ್ತದೆ. ಇಲ್ಲದಿದ್ದರೆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಇದು ನನ್ನ ಕಣ್ಣಿನ ಅಳತೆ, ನಿಮಗೆ ಬೇರೆ ಇರಬಹುದು.

ಪ್ರಶ್ನೆ: ಓ-ತ್ರೀ ಕೂಡ ತೆಗೆದಿದ್ದರೆ ಅದನ್ನು ಎಲ್ಲಿಗೆ ಹಾಕಬೇಕು?

ಉತ್ತರ: ಆಮ್ಲಜನಕದ ಆ ಗೆರೆ 500.7ರಲ್ಲಿ, ಹಸಿರು-ನೀಲಿಯ ಗಡಿಯಲ್ಲೇ ಕೂತಿದೆ. ಎರಡಕ್ಕೂ ಹಂಚಿ. ಟ್ರೈಫಿಡ್‌ಗೆ ಮಾತ್ರ ಅದಕ್ಕಿಂತ ಇನ್ನೊಂದು ರಾತ್ರಿ ಮಾಮೂಲಿ ಬಣ್ಣದಲ್ಲೇ ತೆಗೆಯಿರಿ, ಆ ನೀಲಿ ಬರುವುದು ಅದರಿಂದಲೇ.