ಕುರಿಮರಿಗೆ ಕೆಮ್ಮು, ಏದುಸಿರು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ನೆಲದಿಂದ ಎತ್ತರಿಸಿ ಹಲಗೆ ಹಾಸಿದ ಅಟ್ಟಣಿಗೆ ಶೆಡ್. ಚಳಿಗೆಂದು ರಾತ್ರಿ ಸುತ್ತ ಟಾರ್ಪಾಲು ಇಳಿಬಿಡುತ್ತೇವೆ. ಎರಡು ತಿಂಗಳ ಮರಿಗಳಿಗೆ ಸಿಂಬಳ, ಕೆಮ್ಮು ಬಂದು ಮೂರು ಸತ್ತವು. ಅದರಲ್ಲೊಂದು ಹಿಂದಿನ ಸಂಜೆ ಚೆನ್ನಾಗಿ ಹಾಲು ಕುಡಿದಿತ್ತು. ಗಂಟಲು ಬೇನೆ ಲಸಿಕೆ ಹಾಕಿಸಿದ್ದೆವು. ಆದರೂ ಹೀಗೇಕಾಯಿತು? (ಶಿರಾ ತಾಲ್ಲೂಕು)

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಮೊದಲ ಅನುಮಾನ ಟಾರ್ಪಾಲಿನ ಮೇಲೆಯೇ. ಮರಿಗಳ ನ್ಯುಮೋನಿಯಾಕ್ಕೆ ಮುಖ್ಯ ಕಾರಣವಾದ ಮ್ಯಾನ್‌ಹೀಮಿಯಾ ಹೀಮೊಲಿಟಿಕಾ, ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾಗಳು ಹೊರಗಿನಿಂದ ಬರಬೇಕೆಂದೇನೂ ಇಲ್ಲ. ಆರೋಗ್ಯವಾಗಿರುವ ಕುರಿಯ ಮೂಗು, ಗಂಟಲಿನಲ್ಲೂ ಅವು ಇರುತ್ತವೆ. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಧೂಳು ಮತ್ತು ರೋಗಾಣುಗಳನ್ನು ಸದಾ ಮೇಲಕ್ಕೆ ತಳ್ಳುತ್ತಿರುವುದರಿಂದ ಅವು ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಗಂಜಳದಿಂದ ಏಳುವ ಅಮೋನಿಯಾ ಈ ರೋಮಗಳನ್ನೇ ಹಾಳುಮಾಡುತ್ತದೆ. ಟಾರ್ಪಾಲು ಬಿಗಿದರೆ ಅಮೋನಿಯಾವೂ ಕುರಿಗಳ ಉಸಿರಿನ ತೇವವೂ ಹೊರಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತವೆ.

ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಒಂದರಿಂದ ಎರಡು ತಿಂಗಳ ಹೊತ್ತಿಗೆ ಕರಗಿರುತ್ತದೆ, ಮರಿಯ ಸ್ವಂತ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಆ ವಯಸ್ಸಿನ ಮರಿಗಳೇ ಹೆಚ್ಚು ಹೋಗುವುದು ಇದಕ್ಕೆ. ಮ್ಯಾನ್‌ಹೀಮಿಯಾ ಬಿಡುವ ವಿಷ ಬಿಳಿ ರಕ್ತಕಣಗಳನ್ನು ಒಡೆಯುತ್ತದೆ, ಒಡೆದ ಕಣಗಳಿಂದ ಸೋರಿದ ವಸ್ತುಗಳು ಶ್ವಾಸಕೋಶವನ್ನೇ ಸುಡುತ್ತವೆ. ಹಾಗಾಗಿ ಸಂಜೆ ಹಾಲು ಕುಡಿದ ಮರಿ ಬೆಳಗ್ಗೆ ಸತ್ತು ಬಿದ್ದಿರುವುದು ಈ ರೋಗದಲ್ಲಿ ಅಪರೂಪವಲ್ಲ.

ಗಂಟಲು ಬೇನೆ ಲಸಿಕೆ ತಯಾರಾಗುವುದು ಪಾಶ್ಚುರೆಲ್ಲಾದ ಬೇರೊಂದು ಬಗೆಯಿಂದ. ಅದನ್ನು ಹಾಕಿಸಲೇಬೇಕು, ಆದರೆ ಮ್ಯಾನ್‌ಹೀಮಿಯಾ ನ್ಯುಮೋನಿಯಾವನ್ನು ಅದು ತಡೆಯುವುದಿಲ್ಲ.

ಬೆಳಗಿನ ಜಾವ ಟಾರ್ಪಾಲು ಎತ್ತುವ ಮೊದಲೇ ಒಳಗೆ ಹೋಗಿ, ಮರಿಯ ಮೂಗಿನ ಎತ್ತರಕ್ಕೆ ಮಂಡಿಯೂರಿ ಕುಳಿತು ಒಂದೆರಡು ನಿಮಿಷ ಉಸಿರಾಡಿ. ಕಣ್ಣು ಉರಿದರೆ, ಮೂಗಿಗೆ ಘಾಟು ಹತ್ತಿದರೆ ಮರಿಗಳು ರಾತ್ರಿಯಿಡೀ ಅದನ್ನೇ ಕುಡಿದಿವೆ. ನಿಂತು ಮೂಸಿದರೆ ಇದು ಗೊತ್ತಾಗುವುದಿಲ್ಲ. ಟಾರ್ಪಾಲನ್ನು ಅಟ್ಟಣಿಗೆಯಿಂದ ಮೂರಡಿ ಎತ್ತರದವರೆಗೆ ಮಾತ್ರ ಕಟ್ಟಿ. ಸೂರಿನ ಕೆಳಗೆ ಎರಡೂ ಉದ್ದ ಬದಿಗಳಲ್ಲಿ ಕನಿಷ್ಠ ಒಂದೂವರೆ ಅಡಿ ಸದಾ ತೆರೆದಿರಲಿ. ಕೊರೆಯುವ ಗಾಳಿ ಮರಿಯ ಮೈಗೆ ತಾಗಬಾರದು, ತಲೆಯ ಮೇಲಿನ ಗಾಳಿ ಮಾತ್ರ ಆಡುತ್ತಿರಬೇಕು. ಹಲಗೆಯ ಸಂದಿಯಿಂದ ಚಳಿ ಮೇಲೇರುವುದರಿಂದ ಮರಿಗಳು ಮಲಗುವ ಮೂಲೆಗೆ ಒಣ ಗೋಣಿಚೀಲ ಹಾಸಿ, ಒದ್ದೆಯಾದದ್ದನ್ನು ದಿನವೂ ಬದಲಿಸಿ.

ಅಟ್ಟಣಿಗೆಯ ಕೆಳಗಿನ ಹಿಕ್ಕೆಯನ್ನು ತಿಂಗಳುಗಟ್ಟಲೆ ಬಿಡಬೇಡಿ. ವಾಸನೆ ಹೋಗಲೆಂದು ಹಸಿ ಹಿಕ್ಕೆ, ಗಂಜಳದ ಮೇಲೆ ಸುಣ್ಣ ಎರಚುವವರು ಬಹಳ ಮಂದಿ. ಸುಣ್ಣ ಕ್ಷಾರವಾದ್ದರಿಂದ ಅಮೋನಿಯಾ ಇನ್ನಷ್ಟು ಏಳುತ್ತದೆ! ಮೊದಲು ಹಿಕ್ಕೆ ಬಳಿದು ತೆಗೆದು, ನೆಲ ಒಣಗಿಸಿ, ಆಮೇಲೆ ಸುಣ್ಣ.

ಪ್ರಶ್ನೆ: ಸಾದಾ ನೆಗಡಿಗೂ ನ್ಯುಮೋನಿಯಾಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು? ಪಿಪಿಆರ್ (ಕುರಿ, ಮೇಕೆಗಳ ಸಾಂಕ್ರಾಮಿಕ ರೋಗ) ಇರಬಹುದೇ? (ನಾಗಮಂಗಲ)

ಉತ್ತರ: ಥರ್ಮಾಮೀಟರ್ ಇಲ್ಲದೆ ಹೇಳುವುದು ಬರೀ ಊಹೆ. ಬೆಳಗ್ಗೆ ಬಿಸಿಲೇರುವ ಮುಂಚೆ ಗುದದ್ವಾರದಲ್ಲಿ ಒಂದು ನಿಮಿಷ ಇಟ್ಟು ನೋಡಿ. ಮರಿಗೆ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಸಹಜ. 105 ದಾಟಿ, ಮರಿ ಮಂದೆಯಿಂದ ಹಿಂದುಳಿದು, ಕಿವಿ ಜೋಲಿಸಿ ನಿಂತಿದ್ದರೆ ಅದನ್ನು ನ್ಯುಮೋನಿಯಾ ಎಂದೇ ನೋಡಿಕೊಳ್ಳಿ. ನೆರಳಲ್ಲಿ ಸುಮ್ಮನೆ ಮಲಗಿರುವಾಗಲೂ ನಿಮಿಷಕ್ಕೆ ಅರವತ್ತಕ್ಕಿಂತ ಹೆಚ್ಚು ಸಲ ಪಕ್ಕೆ ಹೊಡೆದುಕೊಳ್ಳುತ್ತಿದ್ದರೂ ಅಷ್ಟೇ. ಕತ್ತು ಮುಂದೆ ಚಾಚಿ ಬಾಯಿಂದ ಉಸಿರಾಡುವ ಹಂತಕ್ಕೆ ಬಂದರೆ ಬಹಳ ತಡವಾಗಿದೆ.

ಪಿಪಿಆರ್‌ನಲ್ಲಿ ಸಿಂಬಳ, ಜ್ವರದ ಜೊತೆಗೆ ಕಣ್ಣಿನ ಪಿಸುರು, ಬಾಯಿಯಲ್ಲಿ ಹುಣ್ಣು, ದುರ್ವಾಸನೆ, ನೀರಾದ ಭೇದಿ ಇರುತ್ತದೆ. ಅದು ವೈರಸ್ ರೋಗ, ಅದರ ಬೆನ್ನಿಗೆ ಇದೇ ಬ್ಯಾಕ್ಟೀರಿಯಾಗಳೂ ಶ್ವಾಸಕೋಶಕ್ಕೆ ಇಳಿಯುತ್ತವೆ. ಅನುಮಾನ ಬಂದರೆ ಮಂದೆಯನ್ನು ಊರಾಚೆ ಮೇಯಲು ಒಯ್ಯದೆ ಕೂಡಲೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಪ್ರಶ್ನೆ: ಮೆಡಿಕಲ್‌ನಲ್ಲಿ ಕೊಟ್ಟ ಟೆಟ್ರಾಸೈಕ್ಲಿನ್ ಒಂದು ಸಲ ಚುಚ್ಚಿದೆವು. ಮರಿ ಮರುದಿನ ಚೇತರಿಸಿಕೊಂಡಿತು, ನಾಲ್ಕು ದಿನಕ್ಕೆ ಮತ್ತೆ ಬಿತ್ತು. ಔಷಧಿ ಕಳಪೆಯೇ? (ಕುಷ್ಟಗಿ)

ಉತ್ತರ: ಔಷಧಿಯನ್ನು ದೂರುವ ಮುಂಚೆ ಬಾಟಲಿಯನ್ನು ತಿರುಗಿಸಿ ಓದಿ. ಆಕ್ಸಿಟೆಟ್ರಾಸೈಕ್ಲಿನ್ ಎರಡು ಬಗೆಯಲ್ಲಿ ಸಿಗುತ್ತದೆ. ಮಿಲೀಗೆ 200 ಮಿಲಿಗ್ರಾಂ ಇರುವ ದೀರ್ಘಕಾಲದ ಔಷಧಿಯನ್ನು ಕಿಲೋ ತೂಕಕ್ಕೆ 20 ಮಿಲಿಗ್ರಾಂ, ಅಂದರೆ ಹತ್ತು ಕಿಲೋಗೆ 1 ಮಿಲೀ ಲೆಕ್ಕದಲ್ಲಿ ಕೊಡುತ್ತಾರೆ. ಹನ್ನೆರಡು ಕಿಲೋ ಮರಿಗೆ 1.2 ಮಿಲೀ. ಎರಡು–ಮೂರು ದಿನ ಬಿಟ್ಟು ಇನ್ನೊಂದು ಡೋಸ್ ಬೇಕೇ ಎಂದು ವೈದ್ಯರು ನೋಡಿ ಹೇಳಬೇಕು. ಮಿಲೀಗೆ 50 ಮಿಲಿಗ್ರಾಂ ಇರುವ ಸಾದಾ ಔಷಧಿಯನ್ನು ಅದೇ 1.2 ಮಿಲೀ ಕೊಟ್ಟರೆ ಕಾಲುಭಾಗ ಡೋಸ್ ಮಾತ್ರ ಹೋಗುತ್ತದೆ, ಅದೂ ಬೇಗ ಇಳಿದುಹೋಗುತ್ತದೆ. ಒಮ್ಮೆ ಚುಚ್ಚಿ ಬಿಡುವ ಔಷಧಿಯಲ್ಲ ಅದು. ನಿಮ್ಮಲ್ಲಿ ಆಗಿರುವುದು ಇದೇ ಇರಬಹುದು.

ತೂಕವನ್ನು ಕಣ್ಣಳತೆಯಲ್ಲಿ ಹೇಳಬೇಡಿ, ಚೀಲದಲ್ಲಿ ಕೂರಿಸಿ ತೂಗುತಕ್ಕಡಿಗೆ ನೇತುಹಾಕಿ. ತೊಡೆ ಬೇಡ, ಕತ್ತಿನ ಸ್ನಾಯುವಿಗೆ ಚುಚ್ಚಿ. ಹನ್ನೆರಡು ಗಂಟೆಗೊಮ್ಮೆ ಜ್ವರ ಬರೆದಿಟ್ಟುಕೊಳ್ಳಿ. 48 ಗಂಟೆ ಕಳೆದರೂ 104ಕ್ಕೆ ಇಳಿಯದಿದ್ದರೆ ಔಷಧಿ ಬದಲಿಸಬೇಕಾದೀತು. ಮೈಕೊಪ್ಲಾಸ್ಮಾ ಎಂಬ ಇನ್ನೊಂದು ರೋಗಾಣುವಿಗೆ ಕೋಶಭಿತ್ತಿಯೇ ಇಲ್ಲವಾದ್ದರಿಂದ ಪೆನಿಸಿಲಿನ್ ಗುಂಪಿನ ಯಾವ ಔಷಧಿಯೂ ಅದಕ್ಕೆ ನಾಟುವುದಿಲ್ಲ. ಜ್ವರ, ನೋವಿಗೆ ವೈದ್ಯರು ಮೆಲಾಕ್ಸಿಕಾಮ್ ಬರೆದುಕೊಡಬಹುದು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸೇರಿಸಿ ಕೊಡುವ ಅಂಗಡಿಯವರ ಮಾತು ಕೇಳಬೇಡಿ. ಅದರಿಂದ ಜ್ವರ ಇಳಿದು ಮರಿ ಮೇವಿಗೆ ಬಾಯಿ ಹಾಕುತ್ತದೆ, ಒಳಗೆ ರೋಗನಿರೋಧಕ ಶಕ್ತಿ ಕುಸಿಯುತ್ತದೆ. ಗಬ್ಬದ ಕುರಿಗೆ ಹಾಕಿದರೆ ಕಂದು ಹಾಕುವ ಅಪಾಯವೂ ಇದೆ.

ಬಕ್ರೀದ್‌ಗೆ ಮಾರುವ ಮರಿಯಾದರೆ, ಕಡೆಯ ಇಂಜೆಕ್ಷನ್ ಆದ ಮೇಲೆ ಎಷ್ಟು ದಿನ ಮಾಂಸಕ್ಕೆ ಕೊಡಬಾರದೆಂದು ಬಾಟಲಿಯ ಮೇಲೆ ಬರೆದಿರುತ್ತದೆ. ಅಷ್ಟು ದಿನ ಕಾಯಿರಿ.

ಪ್ರಶ್ನೆ: ಅಮೀನಗಡ ಸಂತೆಯಿಂದ ಮರಿಗಳನ್ನು ತಂದಾಗಲೆಲ್ಲ ವಾರ ಕಳೆಯುವಷ್ಟರಲ್ಲಿ ಕೆಮ್ಮು ಶುರುವಾಗುತ್ತದೆ. (ಹುನಗುಂದ)

ಉತ್ತರ: ಹತ್ತಾರು ಮಂದೆಯ ಮರಿಗಳು ಸಂತೆಯಲ್ಲಿ ಮೂಗಿಗೆ ಮೂಗು ತಾಗಿಸಿ ನಿಂತಿರುತ್ತವೆ. ಆಗತಾನೇ ತಾಯಿಯಿಂದ ಬಿಡಿಸಿದವೂ ಅದರಲ್ಲಿರುತ್ತವೆ. ಆಮೇಲೆ ಹೊಟ್ಟೆಗಿಲ್ಲದೆ ವಾಹನದ ಪಯಣ. ತಂದ ದಿನ ನೆರಳು, ನೀರು, ಒಣ ಹೊಟ್ಟು ಅಷ್ಟೇ ಕೊಡಿ. ಹಿಂಡಿ, ಕಾಳನ್ನು ನಾಲ್ಕೈದು ದಿನಗಳ ಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಬಂದ ದಿನವೇ ಉಣ್ಣೆ ಕತ್ತರಿಸುವುದು, ಮೈ ತೊಳೆಸುವುದು, ಬೀಜ ಒಡೆಯುವುದು ಮಾಡಿದರೆ ರೋಗವನ್ನು ಕೈಯಾರೆ ಕರೆದಂತೆ. ಹಳೆ ಮಂದೆಯಿಂದ ಕನಿಷ್ಠ ಎರಡು, ಸಾಧ್ಯವಾದರೆ ಮೂರು ವಾರ ದೂರ ಇಡಿ. ನೀರಿನ ತೊಟ್ಟಿಯೂ ಬೇರೆ ಇರಲಿ. ಮರಿಗೊಂದಕ್ಕೆ ಐದು ಚದರ ಅಡಿಗಿಂತ ಕಡಿಮೆ ಜಾಗ ಬೇಡ. ಮೊದಲ ಎರಡು ವಾರ ಬೆಳಗಿನ ಜ್ವರ ನೋಡುವುದನ್ನು ತಪ್ಪಿಸಬೇಡಿ. ಪಿಪಿಆರ್ ಲಸಿಕೆ, ಜಂತು ಔಷಧಿಗಳನ್ನು ಮರಿಗಳು ಸುಧಾರಿಸಿಕೊಂಡ ಮೇಲೆ ವೈದ್ಯರು ಹೇಳಿದ ದಿನ ಕೊಡಿಸಿ.

ಪ್ರಶ್ನೆ: ಗೊಟ್ಟದಲ್ಲಿ (ಕುಡಿಸುವ ಕೊಳವೆಯಲ್ಲಿ) ಔಷಧಿ ಕುಡಿಸಿದ ಮರುದಿನವೇ ಕೆಮ್ಮು ಬಂತು. (ಚಳ್ಳಕೆರೆ)

ಉತ್ತರ: ಔಷಧಿ ಶ್ವಾಸನಾಳಕ್ಕೆ ಹೋಗಿರಬಹುದು. ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆತ್ತಬೇಡಿ. ನಾಲಿಗೆ ಹೊರಗೆಳೆಯಬೇಡಿ, ಎಳೆದರೆ ಮರಿಗೆ ನುಂಗಲಾಗದು. ಬಾಯಿಯ ಪಕ್ಕದಿಂದ ಸ್ವಲ್ಪ ಸುರಿದು, ನುಂಗಿದ ಮೇಲೆ ಉಳಿದದ್ದು. ನಡುವೆ ಕೆಮ್ಮಿದರೆ ತಕ್ಷಣ ತಲೆ ಬಿಡಿ. ಏದುಸಿರು ಬಿಡುವ ಮರಿಗೆ ಗೊಟ್ಟ ಹಾಕಲೇಬೇಡಿ.

ಪ್ರಶ್ನೆ: ಹುಟ್ಟಿದ ಮರಿಗೆ ಗಿಣ್ಣುಹಾಲು ಎಷ್ಟು? (ಹಿರಿಯೂರು)

ಉತ್ತರ: ಆರು ಗಂಟೆಯೊಳಗೆ ಕಿಲೋ ತೂಕಕ್ಕೆ 50 ಮಿಲೀ, ಮೊದಲ ದಿನ ಒಟ್ಟು ಕಿಲೋ ತೂಕಕ್ಕೆ 200 ಮಿಲೀ. ಎರಡೂವರೆ ಕಿಲೋ ಮರಿಗೆ ಮೊದಲು 125 ಮಿಲೀ, ಆ ದಿನಕ್ಕೆ ಒಟ್ಟು ಅರ್ಧ ಲೀಟರ್. ಒಂದು ದಿನ ಕಳೆದರೆ ಗಿಣ್ಣಿನ ರಕ್ಷಕ ಅಂಶಗಳನ್ನು ಕರುಳು ರಕ್ತಕ್ಕೆ ಬಿಡುವುದಿಲ್ಲ.

ಪ್ರಶ್ನೆ: ಸತ್ತ ಮರಿಯಿಂದ ಏನು ಪರೀಕ್ಷೆಗೆ ಕಳಿಸಬೇಕು? (ಕೊಪ್ಪಳ)

ಉತ್ತರ: ಸಿಂಬಳ ಮಾತ್ರ ಕಳಿಸಿದರೆ ಪ್ರಯೋಜನ ಕಡಿಮೆ, ಆ ಬ್ಯಾಕ್ಟೀರಿಯಾ ಆರೋಗ್ಯವಂತ ಮರಿಯ ಮೂಗಲ್ಲೂ ಸಿಗುತ್ತದೆ. ಮರಣೋತ್ತರ ಪರೀಕ್ಷೆಯನ್ನು ವೈದ್ಯರಿಂದಲೇ ಮಾಡಿಸಿ. ಶ್ವಾಸಕೋಶದ ಮುಂದಿನ, ಕೆಳಗಿನ ಭಾಗ ಕಡುಗೆಂಪಾಗಿ ಪಿತ್ತಜನಕಾಂಗದಂತೆ ಗಟ್ಟಿಯಾಗಿದ್ದು, ಅದರ ತುಂಡು ನೀರಲ್ಲಿ ಮುಳುಗಿದರೆ ನ್ಯುಮೋನಿಯಾ ಎನ್ನಬಹುದು. ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ತೇಲುತ್ತದೆ. ಗಟ್ಟಿಯಾದ ಭಾಗವೂ ಚೆನ್ನಾಗಿರುವ ಭಾಗವೂ ಸೇರುವ ಅಂಚಿನ ತುಂಡನ್ನು ಶುದ್ಧ ಡಬ್ಬಿಯಲ್ಲಿ ಮಂಜುಗಡ್ಡೆಯ ಮೇಲಿಟ್ಟು ಅಂದೇ ಪ್ರಯೋಗಾಲಯಕ್ಕೆ ತಲುಪಿಸಿ. ಆಂಟಿಬಯಾಟಿಕ್ ಕೊಡದ ಮರಿಯ ಮಾದರಿಯಾದರೆ ಯಾವ ಔಷಧಿ ನಾಟುತ್ತದೆಂಬ ವರದಿಯೂ ಸಿಕ್ಕೀತು. ಕೊಟ್ಟಿದ್ದರೆ ಔಷಧಿಯ ಹೆಸರು, ಕೊಟ್ಟ ದಿನ ಎರಡನ್ನೂ ಚೀಟಿಯಲ್ಲಿ ಬರೆಯಿರಿ.