ಫ್ರುಟಿಯಾರ್‌ಗೆ ಯಾವಾಗ ಹೋಗಬೇಕು?

ಪ್ರಶ್ನೆ: ಜೂನ್‌ನಲ್ಲಿ ತೋಟದ ಕೆಲಸ ಕಡಿಮೆ. ಆಗ ಚಿಲಿಯ ಫ್ರುಟಿಯಾರ್ ನೋಡಿ ಬರಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬೇಡಿ. ಅಲ್ಲಿ ಜೂನ್ ಎಂದರೆ ಚಳಿಗಾಲ, ಮಳೆಯೂ ಜೋರು. ಮೋಡ ಕವಿದರೆ ಯಾಂಕೀವೆ ಸರೋವರದಾಚೆಯ 2,652 ಮೀಟರ್ ಎತ್ತರದ ಒಸೊರ್ನೊ ಜ್ವಾಲಾಮುಖಿ ಕಾಣುವುದೇ ಇಲ್ಲ. ನಿಮ್ಮದು ಅರೇಬಿಕಾ ಕಾಫಿಯಾದರೆ ಕುಯ್ಲು ಮುಗಿಸಿ, ಅಲ್ಲಿ ಬೇಸಿಗೆ ಇರುವ ಫೆಬ್ರವರಿಯಲ್ಲಿ ಹೊರಡಿ. ತಡವಾಗಿ ಕುಯ್ಲಿಗೆ ಬರುವ ರೊಬಸ್ಟಾ ಕಾಫಿ ಇದ್ದರೆ ಡಿಸೆಂಬರೇ ವಾಸಿ.

ಪ್ವೆರ್ತೊ ಮೊಂಟ್‌ವರೆಗೆ ವಿಮಾನ, ಮುಂದೆ ಬಸ್ಸು. ಬಸ್ಸು ಸಾಮಾನ್ಯವಾಗಿ ಮೇಲಿನ ಪೇಟೆ ‘ಆಲ್ತೊ’ದಲ್ಲಿ ಇಳಿಸುತ್ತದೆ. ‘ಇಷ್ಟೇನಾ!’ ಎಂದು ಅಲ್ಲಿಂದಲೇ ವಾಪಸಾಗಬೇಡಿ. 1856ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಹಳೆಯ ಊರು ಸುಮಾರು 4 ಕಿ.ಮೀ. ಕೆಳಗೆ, ನೀರಂಚಿನ ‘ಬಾಹೊ’ದಲ್ಲಿದೆ. ಶೇರ್ ಟ್ಯಾಕ್ಸಿ ಹಿಡಿಯಿರಿ. ಜರ್ಮನ್ ವಸಾಹತು ಮ್ಯೂಸಿಯಂಗೆ ಅರ್ಧ ದಿನ ಇಡಿ: ನೀರಿನ ಗಿರಣಿ, ಕುಲುಮೆ ಎಲ್ಲ ಇವೆ. ಹಳೆಯ ಮನೆಗಳ ಗೋಡೆಯನ್ನು ಹತ್ತಿರದಿಂದ ನೋಡಿ. ತೆಳು ಮರದ ಬಿಲ್ಲೆಗಳನ್ನು ನಮ್ಮ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ್ದಾರೆ, ಇರಚಲು ಒಳಗಿಳಿಯದಂತೆ.